ಸರ್ಪಸುತ್ತಿಗೆ ನಾಚ್ಕೊಳ್ಳೋದು ಯಾಕೆ, ವೈರಸ್ಸಿಗೆ ಗೊತ್ತಿರೋದು ಬಾಗಿಲು ಮಾತ್ರ

ಮಾನ್ಯ ಸಂಪಾದಕರೇ,

ನಮಸ್ಕಾರ. ಹೋದ ಭಾನುವಾರ ನಿಮ್ಮ ಆರೋಗ್ಯ ಪುಟದಲ್ಲಿ ಹರ್ಪಿಸ್ ಬಗ್ಗೆ ಬಂದ ಲೇಖನ ಓದಿ ಈ ಪತ್ರ ಬರೀತಿದೀನಿ. ಲೇಖನದ ಒಳಗೆ ತಪ್ಪೇನೂ ಇರಲಿಲ್ಲ, ಆದ್ರೆ ಮೇಲೆ ದಪ್ಪಕ್ಷರದಲ್ಲಿ ಗುಪ್ತರೋಗ ಅಂತ ಹಾಕಿ, ಕೊನೇ ಪ್ಯಾರಾದಲ್ಲಿ ಸರ್ಪಸುತ್ತೂ ಇದೇ ಕುಟುಂಬದ ವೈರಸ್ಸಿಂದ ಬರುತ್ತೆ ಅಂತ ಒಂದೇ ಒಂದು ಸಾಲು ಬರೆದು ಬಿಟ್ಬಿಟ್ರಿ. ಆ ಒಂದು ಸಾಲು ಊರಕಡೆ ಮನೆಗಳಲ್ಲಿ ಏನು ಮಾಡುತ್ತೆ ಅಂತ ನಾನು ಕಣ್ಣಾರೆ ನೋಡಿದೀನಿ. ಪತ್ರ ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಹಾಕಿ.

ನಾನು ಪಿಯು ಕಾಲೇಜಲ್ಲಿ ಬಯಾಲಜಿ ಪಾಠ ಮಾಡೋಳು. ನಮ್ಮತ್ತೆ ತಿಪಟೂರು ಹತ್ರ ಹಳ್ಳೀಲಿ ಮೈದುನನ ಜೊತೆ ಇರ್ತಾರೆ, 68 ವರ್ಷ, ಈಗ್ಲೂ ಅಟ್ಟದ ಮೇಲಿಂದ ಕೊಬ್ಬರಿ ಇಳಿಸಿದ್ರೆ ಕರಟ ಬಿಡಿಸೋಕೆ ಅವರೇ ಮೊದಲು ಕೂರೋದು. ಹೋದ ವರ್ಷ ಒಂದಿನ ಫೋನ್ ಮಾಡಿ, ಬಲಗಡೆ ಪಕ್ಕೆ ಉರೀತಿದೆ ಕಣಮ್ಮ, ಸೆರಗು ತಾಕಿದ್ರೂ ಬೆಂಕಿ ಇಟ್ಟಂಗಾಗುತ್ತೆ ಅಂದ್ರು. ಮೈಮೇಲೆ ಏನೂ ಕಾಣ್ತಿರಲಿಲ್ಲ, ಗ್ಯಾಸ್ಟ್ರಿಕ್ ಇರಬೇಕು ಅಂತ ಜೀರಿಗೆ ಕಷಾಯ ಕುಡಿಸಿದ್ರು, ಸೊಂಟ ಹಿಡ್ಕೊಂಡಿದೆ ಅಂತ ಎಣ್ಣೆ ಉಜ್ಜಿದ್ರು. ಮೂರನೇ ದಿನಕ್ಕೆ ಬೆನ್ನುಮೂಳೆ ಪಕ್ಕದಿಂದ ಹಿಡಿದು ಮುಂದೆ ಎದೆ ಕೆಳಗಿನ ತನಕ ಅರ್ಧ ಡಾಬು ಕಟ್ಟಿದ ಹಾಗೆ ಕೆಂಪಗೆ ನೀರುಗುಳ್ಳೆ ಗೊಂಚಲು ಗೊಂಚಲಾಗಿ ಎದ್ವು. ಅವತ್ತೇ ಮೈದುನ ಪೇಟೆಗೆ ಕರ್ಕೊಂಡು ಹೋಗಿ ತೋರಿಸಿದ, ಡಾಕ್ಟರ್ ಚೀಟೀಲಿ ಹರ್ಪಿಸ್ ಜೋಸ್ಟರ್ ಅಂತ ಬರೆದು ಮಾತ್ರೆ ಬರೆದುಕೊಟ್ರು. ಇವನು ಬಸ್ ಸ್ಟ್ಯಾಂಡಲ್ಲಿ ನಿಂತು ಫೋನಲ್ಲಿ ಹರ್ಪಿಸ್ ಅನ್ನೋ ಮೊದಲನೇ ಪದ ಮಾತ್ರ ಹಾಕಿ ನೋಡಿದಾನೆ, ಬಂದಿದ್ದೆಲ್ಲಾ ಗಂಡ ಹೆಂಡತಿ ಸಂಬಂಧದಿಂದ ಹರಡೋ ಕಾಯಿಲೆ ಅಂತ. ಮಾವ ಹೋಗಿ ಹನ್ನೊಂದು ವರ್ಷ ಆಯ್ತು. ಆ ಹುಡುಗ ಯಾರಿಗೂ ಏನೂ ಹೇಳದೆ ಚೀಟಿ ಮಡಿಚಿ ಜೇಬಲ್ಲಿ ಇಟ್ಕೊಂಡು ಅಮ್ಮನ್ನ ವಾಪಸ್ ಕರ್ಕೊಂಡು ಬಂದ, ಮೆಡಿಕಲ್ ಸ್ಟೋರಲ್ಲಿ ಕೂರೋನು ನಮ್ಮೂರೋನೇ ಅಲ್ವಾ, ಅವನ ಕೈಗೆ ಆ ಚೀಟಿ ಹೆಂಗೆ ಕೊಡೋದು ಅಂತ. ಊರಲ್ಲಿ ಕೆಮ್ಮಣ್ಣು ಹಚ್ಚಿಸಿ ಮಂತ್ರ ಹಾಕಿಸಿದ್ರು. ನನಗೆ ವಿಷಯ ಗೊತ್ತಾಗಿ ನಾನು ಹೋಗೋ ಅಷ್ಟೊತ್ತಿಗೆ ಗುಳ್ಳೆ ಎದ್ದು ಆರನೇ ದಿನ.

ಗುಳ್ಳೆ ಕಾಣಿಸ್ಕೊಂಡ 72 ಗಂಟೆ ಒಳಗೆ ಆಂಟಿವೈರಲ್ ಮಾತ್ರೆ ಶುರು ಮಾಡಿದ್ರೆ ಅದರ ಉಪಯೋಗ ಜಾಸ್ತಿ. ಆ ಟೈಮ್ ಒಂದು ಮಡಿಚಿದ ಚೀಟೀಲಿ ಹೋಯ್ತು. ಚರ್ಮ ಮೂರು ವಾರಕ್ಕೆ ಒಣಗಿ ಸರಿಹೋಯ್ತು, ಮಂತ್ರ ಹಾಕಿದೋರಿಗೆ ಒಳ್ಳೆ ಹೆಸರೂ ಬಂತು, ಆದ್ರೆ ಉರಿ ಹೋಗಲಿಲ್ಲ, ಎಂಟು ತಿಂಗಳು ಇತ್ತು. ಅತ್ತೆ ರವಿಕೆ ಹಾಕೋಕಾಗದೆ ಮಾವನ ಹಳೇ ಕಾಟನ್ ಅಂಗಿ ಹಾಕ್ಕೊಂಡು, ಬಲಗೈಯನ್ನ ಮೈಯಿಂದ ಸ್ವಲ್ಪ ದೂರ ಎತ್ತಿ ಹಿಡ್ಕೊಂಡೇ ಓಡಾಡ್ತಿದ್ರು.

ಸಂಪಾದಕರೇ, ನನ್ನ ಮೈದುನ ಕೆಟ್ಟೋನಲ್ಲ. ಅವನಿಗೆ ಯಾರೂ ಹೇಳಿರಲಿಲ್ಲ ಅಷ್ಟೇ. ಹರ್ಪಿಸ್ ಅನ್ನೋದು ಒಂದು ಕಾಯಿಲೆ ಹೆಸರಲ್ಲ, ದೊಡ್ಡ ಮನೆತನದ ಹೆಸರು. ಅದರಲ್ಲಿ ಮನುಷ್ಯರಿಗೆ ಅಂಟೋ ವೈರಸ್ಸುಗಳೇ ಒಂಬತ್ತಿವೆ, ನಾವು ಅಮ್ಮ ಅಂತ ಕರೆಯೋ ಚಿಕನ್ ಪಾಕ್ಸ್, ಸರ್ಪಸುತ್ತು, ಜ್ವರ ಬಂದಾಗ ತುಟಿ ಅಂಚಲ್ಲಿ ಏಳೋ ಗುಳ್ಳೆ, ಕೂಸುಗಳಿಗೆ ಜ್ವರ ಇಳಿದ ಮೇಲೆ ಮೈತುಂಬಾ ಕಾಣಿಸ್ಕೊಳ್ಳೋ ಒಂದು ಥರ ಗಂಧೆ, ಎಲ್ಲಾ ಈ ಮನೆತನದ್ದೇ. ತುಟಿ ಗುಳ್ಳೆ ತರೋ ಮೊದಲನೇ ನಮೂನೆ ಹರ್ಪಿಸ್ ಸಿಂಪ್ಲೆಕ್ಸ್ ಅಂತೂ ಪ್ರಪಂಚದಲ್ಲಿ 50 ವರ್ಷದ ಒಳಗಿನವರಲ್ಲಿ 380 ಕೋಟಿ ಜನಕ್ಕೆ, ಅಂದ್ರೆ 64% ಜನಕ್ಕೆ ಇದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ. ಹೆಚ್ಚಿನವರಿಗೆ ಅದು ಚಿಕ್ಕ ವಯಸ್ಸಲ್ಲೇ ಮನೆಯವರ ಎಂಜಲಿಂದ, ಮುತ್ತಿಂದ ಬಂದಿರುತ್ತೆ, ಬಂದಿದ್ದೂ ಗೊತ್ತಿರಲ್ಲ.

ಈ ವೈರಸ್ಸುಗಳು ಯಾವ ಮೈಯೊಳಗೆ ಹೋಗಬೇಕು ಅನ್ನೋದನ್ನ ನಿರ್ಧಾರ ಮಾಡೋದು ಏನು ಅಂತ ಜನಕ್ಕೆ ಒಂದ್ಸಲ ಬಿಡಿಸಿ ಹೇಳಿದ್ರೆ ಈ ನಾಚಿಕೆ ತಾನಾಗೇ ಇಳಿಯುತ್ತೆ ಅಂತ ನನ್ನ ನಂಬಿಕೆ. ಕ್ಲಾಸಲ್ಲಿ ನಾನು ಹೇಳೋ ಥರಾನೇ ಹೇಳ್ತೀನಿ.

ನಮ್ಮ ಜೀವಕೋಶದ ಹೊರಮೈ ಗೋಲಿ ಥರ ನುಣ್ಣಗೆ ಇರಲ್ಲ. ಅದರ ಮೇಲೆ ಸಕ್ಕರೆ ಜಾತಿ ಕಣಗಳ ಉದ್ದುದ್ದ ಸರಪಳಿಗಳು ಕೂದಲಿನ ಹಾಗೆ ಜೋತಾಡ್ತಿರುತ್ತವೆ, ಹೆಪರಾನ್ ಸಲ್ಫೇಟ್ ಅಂತ ಅದರ ಹೆಸರು, ಹೆಚ್ಚುಕಮ್ಮಿ ಎಲ್ಲಾ ಥರದ ಜೀವಕೋಶದ ಮೇಲೂ ಇರುತ್ತೆ. ಹರ್ಪಿಸ್ ಸಿಂಪ್ಲೆಕ್ಸ್ ವೈರಸ್ ಮೊದಲು ಬಂದು ಸಿಕ್ಕಾಕೊಳ್ಳೋದು ಇಲ್ಲೇ. ವೈರಸ್ಸಿನ ಹೊರಗಿನ ಪೊರೆ ಮೇಲೆ ಮುಳ್ಳಿನ ಹಾಗೆ ಎದ್ದಿರೋ ಪ್ರೋಟೀನುಗಳಲ್ಲಿ ಜಿ-ಬಿ, ಜಿ-ಸಿ ಅಂತ ಎರಡು ಈ ಸರಪಳಿಗೆ ಅಂಟ್ಕೊಳ್ತವೆ, ಹೊಲದ ಬದು ಮೇಲೆ ನಡೆದು ಬಂದ್ರೆ ಸೀರೆ ಅಂಚಿಗೆ ಉತ್ತರಾಣಿ ಕಾಳು ಅಂಟ್ಕೊಂಡು ಬರುತ್ತಲ್ಲ, ಹಾಗೆ. ಅದು ಅಂಟಿಕೊಂಡಿರೋದು ಅಷ್ಟೇ, ಇನ್ನೂ ಒಳಗೆ ಹೋಗಿಲ್ಲ. ಐಸಿಯೂಲಿ ರಕ್ತ ಹೆಪ್ಪುಗಟ್ಟದೇ ಇರಲಿ ಅಂತ ಕೊಡೋ ಹೆಪರಿನ್ ಇಂಜೆಕ್ಷನ್ ಇದೆಯಲ್ಲ, ಅದು ಈ ಸರಪಳಿಯ ಹತ್ತಿರದ ಸಂಬಂಧಿ, ಲ್ಯಾಬಿನ ತಟ್ಟೆಗೆ ಹೆಪರಿನ್ ಹಾಕಿದ್ರೆ ವೈರಸ್ ಮೋಸಹೋಗಿ ಅದಕ್ಕೇ ಅಂಟ್ಕೊಂಡು ಜೀವಕೋಶಕ್ಕೆ ಅಂಟೋದು ಕಮ್ಮಿ ಆಗುತ್ತೆ. (ಇದನ್ನ ಓದಿ ಯಾರೂ ಹೆಪರಿನ್ ಹರ್ಪಿಸ್‌ಗೆ ಔಷಧಿ ಅಂದ್ಕೋಬೇಡಿ, ಅಲ್ಲ.)

ಒಳಗೆ ಹೋಗೋಕೆ ಬೇರೆ ಬಾಗಿಲೇ ಬೇಕು, ಅದನ್ನೇ ರಿಸೆಪ್ಟರ್ ಅನ್ನೋದು. ಆ ಬಾಗಿಲು ಸಿಕ್ಕಿದ ಕಥೆ ನನಗೆ ತುಂಬಾ ಇಷ್ಟ. ಅಮೆರಿಕದ ಚಿಕಾಗೋದಲ್ಲಿ ನಾರ್ತ್‌ವೆಸ್ಟರ್ನ್ ಯೂನಿವರ್ಸಿಟೀಲಿ ಪೆಟ್ರೀಷಿಯಾ ಸ್ಪಿಯರ್ ಅನ್ನೋ ವಿಜ್ಞಾನಿ ವರ್ಷಗಟ್ಟಲೆ ಇದೇ ಕೆಲಸ ಹಿಡಿದು ಕೂತಿದ್ರು. ಲ್ಯಾಬುಗಳಲ್ಲಿ ಬೆಳೆಸೋ ಹ್ಯಾಮ್‌ಸ್ಟರ್ ಅನ್ನೋ ಇಲಿ ಜಾತಿ ಪ್ರಾಣಿಯ ಜೀವಕೋಶಗಳಿಗೆ ಹರ್ಪಿಸ್ ವೈರಸ್ ಅಂಟ್ಕೊಳ್ಳುತ್ತೆ ಆದ್ರೆ ಒಳಗೆ ಹೋಗಲ್ಲ, ಅಂದ್ರೆ ಉತ್ತರಾಣಿ ಕಾಳು ಅಂಟಿದೆ ಬಾಗಿಲು ಮಾತ್ರ ಇಲ್ಲ. ಅವರ ತಂಡ ಏನ್ ಮಾಡ್ತು ಅಂದ್ರೆ ಮನುಷ್ಯರ ಜೀನುಗಳನ್ನ ತಂದು ಈ ಜೀವಕೋಶಗಳಿಗೆ ಗುಂಪುಗುಂಪಾಗಿ ಹಾಕ್ತಾ ಹೋಯ್ತು, ವೈರಸ್ ಒಳಹೊಕ್ಕ ಕೋಶ ಮಾತ್ರ ನೀಲಿ ಬಣ್ಣಕ್ಕೆ ತಿರುಗೋ ಹಾಗೆ ಏರ್ಪಾಡು ಮಾಡಿ, ಯಾವ ಗುಂಪು ಹಾಕಿದಾಗ ನೀಲಿ ಕಾಣುತ್ತೋ ಆ ಗುಂಪನ್ನ ಒಡೆದು ಒಡೆದು ಕೊನೆಗೆ ಒಂದೇ ಒಂದು ಜೀನಿಗೆ ಬಂದು ನಿಂತ್ರು. 1996ರಲ್ಲಿ ಅದು ಪ್ರಕಟ ಆಯ್ತು, ಅದಕ್ಕೆ ಎಚ್‌ವಿಇಎಂ ಅಂತ ಹೆಸರಿಟ್ರು. ಅದು ನಮ್ಮ ರೋಗನಿರೋಧಕ ಜೀವಕೋಶಗಳು ಒಂದಕ್ಕೊಂದು ಸುದ್ದಿ ಕೊಡೋಕೆ ಇಟ್ಕೊಂಡಿರೋ ಪ್ರೋಟೀನು. ಎರಡು ವರ್ಷ ಆದ್ಮೇಲೆ 1998ರಲ್ಲಿ ಇನ್ನೊಂದು ಬಾಗಿಲು ಗೊತ್ತಾಯ್ತು, ನೆಕ್ಟಿನ್-1. ಚರ್ಮಕ್ಕೆ ಮತ್ತು ನರಕ್ಕೆ ಮುಖ್ಯವಾದ ಬಾಗಿಲು ಇದೇ. ಇದರ ಅಸಲಿ ಕೆಲಸ ಏನು ಗೊತ್ತಾ, ಅಕ್ಕಪಕ್ಕದ ಜೀವಕೋಶಗಳು ಬಿಟ್ಟುಹೋಗದ ಹಾಗೆ ಕೈಕೈ ಹಿಡ್ಕೊಳ್ಳೋದು. ಅಕ್ಕಪಕ್ಕದವರು ಹಿಡ್ಕೊಂಡಿರೋ ಆ ಕೈಯನ್ನೇ ವೈರಸ್ ಬಂದು ಹಿಡ್ಕೊಳ್ಳುತ್ತೆ.

ಈ ಬಾಗಿಲಿಗೆ ವೈರಸ್ ಹಾಕೋ ಬೀಗದಕೈ ಜಿ-ಡಿ ಅನ್ನೋ ಪ್ರೋಟೀನು. ಜಿ-ಡಿ ಹೋಗಿ ನೆಕ್ಟಿನ್‌ಗೆ ಕೂತ ತಕ್ಷಣ ಅದರ ಆಕಾರ ಸ್ವಲ್ಪ ಬದಲಾಗುತ್ತೆ, ಆ ಬದಲಾವಣೆ ಪಕ್ಕದಲ್ಲಿರೋ ಜಿ-ಎಚ್, ಜಿ-ಎಲ್ ಅನ್ನೋ ಜೋಡಿಗೆ ಮುಟ್ಟುತ್ತೆ, ಆ ಜೋಡಿ ಜಿ-ಬಿಯನ್ನ ಎಬ್ಬಿಸುತ್ತೆ. ಜಿ-ಬಿ ಚಾಚಿಕೊಂಡು ನಮ್ಮ ಜೀವಕೋಶದ ಪೊರೆಗೆ ಚುಚ್ಚಿ ಆಮೇಲೆ ಮಡಿಚಿಕೊಳ್ಳುತ್ತೆ, ಮಡಿಚಿಕೊಳ್ಳುವಾಗ ಎರಡೂ ಪೊರೆಗಳನ್ನ ಹತ್ರ ಹತ್ರ ಎಳೆಯುತ್ತೆ. ಸಾರಿನ ಮೇಲೆ ತೇಲೋ ಒಗ್ಗರಣೆ ಎಣ್ಣೆ ಹನಿ ಎರಡು ಹತ್ರ ಬಂದು ಫಟ್ ಅಂತ ಒಂದಾಗೋದನ್ನ ನೋಡಿದೀರಲ್ಲ, ಪೊರೆಗಳೂ ಹಾಗೇ ಒಂದಾಗ್ತವೆ, ಯಾಕಂದ್ರೆ ಎರಡೂ ಕೊಬ್ಬಿನ ಪೊರೆಗಳೇ. ಅಲ್ಲಿಗೆ ವೈರಸ್ಸಿನ ಒಳಗಿನ ಡಬ್ಬಿ ಜೀವಕೋಶದ ಒಳಗೆ ಬಿತ್ತು. ಆ ಡಬ್ಬೀಲಿ ಡಿಎನ್ಎ ಇದೆ, ಅದು ಜೀವಕೋಶದೊಳಗಿನ ಹಳಿಗಳ ಮೇಲೆ ಸಾಗಿ ನ್ಯೂಕ್ಲಿಯಸ್ ಹತ್ರ ಹೋಗಿ ಅದರ ರಂಧ್ರದ ಮೂಲಕ ಡಿಎನ್ಎಯನ್ನ ಒಳಗೆ ಬಿಡುತ್ತೆ. ನರದ ತುದೀಲಿ ಒಳಹೊಕ್ಕಿದ್ರೆ ಹಾಗೇ ನರದ ಗುಂಟ ಹಿಂದಕ್ಕೆ, ಅದರ ಬುಡದ ತನಕ ಹೋಗುತ್ತೆ, ಅಲ್ಲೇ ಮಲಗಿಬಿಡುತ್ತೆ.

ಬಾಗಿಲೇ ಇಲ್ಲದೇ ಇದ್ರೆ ಏನಾಗುತ್ತೆ? ವೆನೆಜುವೆಲಾ ದೇಶದ ಮಾರ್ಗರಿಟಾ ದ್ವೀಪದಲ್ಲಿ ಕೆಲವು ಮಕ್ಕಳು ಸೀಳುತುಟಿ ಜೊತೆ ಹುಟ್ತಾರೆ, ಕೂದಲು ಕಮ್ಮಿ, ಹಲ್ಲು ಉಗುರು ಸರಿಯಾಗಿ ಬೆಳೆಯಲ್ಲ. 2000ನೇ ಇಸವೀಲಿ ಗೊತ್ತಾಯ್ತು, ಅವರಲ್ಲಿ ಕೆಟ್ಟಿರೋದು ಇದೇ ನೆಕ್ಟಿನ್-1 ಜೀನು ಅಂತ. ಅಪ್ಪ ಅಮ್ಮ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದ್ರೆ ಮಾತ್ರ ಈ ತೊಂದರೆ, ಒಬ್ಬರಿಂದ ಬಂದ್ರೆ ಆರೋಗ್ಯವಾಗೇ ಇರ್ತಾರೆ. ಆದ್ರೆ ಅಂಥ ಒಂದು ಕೆಟ್ಟ ಪ್ರತಿ ಇಟ್ಕೊಂಡಿರೋ ಜನ ಆ ದ್ವೀಪದಲ್ಲಿ ಇಷ್ಟೊಂದು ಯಾಕೆ ಇದಾರೆ? ಅದನ್ನ ಕಂಡುಹಿಡಿದವರ ಊಹೆ ಏನಂದ್ರೆ, ಅರ್ಧ ಬಾಗಿಲು ಮುಚ್ಚಿರೋದ್ರಿಂದ ಅವರಿಗೆ ಹರ್ಪಿಸ್ ತಡೆಯೋ ಶಕ್ತಿ ಸ್ವಲ್ಪ ಜಾಸ್ತಿ ಇದ್ದಿರಬಹುದು ಅಂತ. ಇದು ಊಹೆ, ಸಾಬೀತಾದ ಮಾತಲ್ಲ. ಆದ್ರೂ ಇದನ್ನ ಪಾಠ ಮಾಡಿದಾಗೆಲ್ಲ ಕ್ಲಾಸು ಸ್ತಬ್ಧ ಆಗುತ್ತೆ, ತುಟಿಗೂ ಹಲ್ಲಿಗೂ ವೈರಸ್ಸಿಗೂ ಒಂದೇ ಪ್ರೋಟೀನಲ್ಲಿ ನಂಟು ಇರುತ್ತಾ ಮ್ಯಾಮ್ ಅಂತ ಹೋದ ವರ್ಷ ಒಬ್ಬಳು ಕೇಳಿದಳು.

ಈ ಮನೆತನದ ಎಲ್ಲಾ ವೈರಸ್ಸುಗಳಲ್ಲೂ ಜಿ-ಬಿ, ಜಿ-ಎಚ್, ಜಿ-ಎಲ್ ಇದಾವೆ, ಪೊರೆ ಕೂಡಿಸೋ ಯಂತ್ರ ಒಂದೇ. ಬೀಗದಕೈ ಮಾತ್ರ ಬೇರೆ ಬೇರೆ. ಎಪ್‌ಸ್ಟೀನ್ ಬಾರ್ ಅನ್ನೋ ವೈರಸ್ ಬಿ ಜೀವಕೋಶ ಅನ್ನೋ ಒಂದು ಥರ ಬಿಳಿ ರಕ್ತಕಣದ ಮೇಲಿರೋ ಸಿಡಿ-21 ಅನ್ನೋ ಬಾಗಿಲು ಹಿಡ್ಕೊಳ್ಳುತ್ತೆ, ಅದಕ್ಕೇ ಅದು ರಕ್ತದ ಬಿ ಜೀವಕೋಶದಲ್ಲಿ ವಾಸ ಮಾಡುತ್ತೆ. ಏಳನೇ ನಂಬರಿನ ಹರ್ಪಿಸ್ ವೈರಸ್ ಹಿಡಿಯೋದು ಇನ್ನೊಂದು ಥರ ಬಿಳಿ ರಕ್ತಕಣದ ಮೇಲಿರೋ ಸಿಡಿ-4 ಅನ್ನೋ ಬಾಗಿಲನ್ನ, ಎಚ್‌ಐವಿ ಹಿಡಿಯೋದೂ ಅದನ್ನೇ, ಆದ್ರೂ ಎರಡೂ ಕಾಯಿಲೆಗೆ ಎಲ್ಲಿಂದೆಲ್ಲಿಗೂ ಸಂಬಂಧ ಇಲ್ಲ. ಬಸುರಿಯರಿಂದ ಹೊಟ್ಟೇಲಿರೋ ಮಗುವಿಗೆ ಹೋಗಿ ಕಿವಿ ಕೆಡಿಸಬಲ್ಲ ಸೈಟೋಮೆಗಾಲೋ ವೈರಸ್ ಅಂತೂ ಎರಡು ಥರದ ಬೀಗದಕೈ ಇಟ್ಕೊಂಡು ಜೀವಕೋಶ ನೋಡಿ ಬಳಸುತ್ತೆ. ಯಾವ ಬಾಗಿಲು ಎಲ್ಲಿದೆಯೋ ಕಾಯಿಲೆ ಬಹುಮಟ್ಟಿಗೆ ಅಲ್ಲಿ. ನಡತೆ ಒಳ್ಳೇದೋ ಕೆಟ್ಟದ್ದೋ ಅಂತ ನೋಡೋ ಪ್ರೋಟೀನು ಯಾವ ವೈರಸ್ಸಿನ ಮೇಲೂ ಇಲ್ಲ.

ಇನ್ನು ನಮ್ಮತ್ತೆಗೆ ಬಂದಿದ್ದು ವ್ಯಾರಿಸೆಲ್ಲಾ ಜೋಸ್ಟರ್. ಇದರ ಹತ್ರ ಆ ಜಿ-ಡಿ ಬೀಗದಕೈ ಇಲ್ಲವೇ ಇಲ್ಲ. ಇದರ ಮೈಮೇಲೆ ಹೇರಳವಾಗಿ ಇರೋದು ಜಿ-ಇ ಅನ್ನೋ ಪ್ರೋಟೀನು. ಇದು ಗುಪ್ತಾಂಗದ ಹರ್ಪಿಸ್ ತರೋ ವೈರಸ್ ಅಲ್ಲ, ಅದೇ ಇದಾಗಿ ಬದಲಾಗೋದೂ ಇಲ್ಲ. ಚಿಕ್ಕವರಿದ್ದಾಗ ಉಸಿರಲ್ಲಿ ಒಳಗೆ ಬಂದು ಅಮ್ಮ ಎಬ್ಬಿಸಿ, ಅಮ್ಮ ಇಳಿದ ಮೇಲೆ ಬೆನ್ನುಮೂಳೆ ಪಕ್ಕದ ನರದ ಗಂಟುಗಳಲ್ಲಿ ಮಲಗಿರುತ್ತೆ, ಮೂವತ್ತು ವರ್ಷ ಐವತ್ತು ವರ್ಷ. ವಯಸ್ಸಾಗಿ ಮೈಯ ಕಾವಲು ಸಡಿಲ ಆದಾಗ ಒಂದು ಗಂಟಲ್ಲಿ ಎದ್ದು ಆ ನರದ ದಾರೀಲೇ ಚರ್ಮಕ್ಕೆ ಬರುತ್ತೆ. ಆ ನರ ಮೈಯ ಒಂದು ಪಕ್ಕಕ್ಕೆ ಮಾತ್ರ ಹೋಗೋದು, ಅದಕ್ಕೇ ಗುಳ್ಳೆ ಸಾಮಾನ್ಯವಾಗಿ ನಡುಗೆರೆ ದಾಟಲ್ಲ. ಹಾವಿನ ತಲೆ ಬಾಲ ಸೇರಿದ್ರೆ ಪ್ರಾಣ ಹೋಗುತ್ತೆ ಅಂತ ಊರಲ್ಲಿ ಎಲ್ಲರೂ ಹೆದರ್ತಿದ್ರು, ಅತ್ತೆ ರಾತ್ರಿ ಎದ್ದು ಕೈಯಲ್ಲಿ ತಡವಿ ತಡವಿ ಎಲ್ಲಿ ತನಕ ಬಂತು ಅಂತ ನೋಡ್ಕೊಳ್ತಿದ್ರಂತೆ. ಹಾಸಿಗೆ ಮೇಲೆ ಕೂತು ನಾನು ಅವರ ಬೆನ್ನ ಮೇಲೆ ಬೆರಳಲ್ಲಿ ಗೆರೆ ಎಳೆದು, ಇಲ್ಲಿ ಹುಟ್ಟಿ ಇಲ್ಲಿಗೆ ಮುಗಿಯುತ್ತೆ ಅತ್ತೆ, ನರ ಇಷ್ಟೇ ಉದ್ದ ಇರೋದು, ಆ ಕಡೆಗೆ ಬೇರೆ ನರ ಅಂದೆ. ಅವತ್ತು ರಾತ್ರಿ ಸ್ವಲ್ಪ ನಿದ್ದೆ ಮಾಡಿದ್ರು.

ಔಷಧಿ ವಿಷಯ. ಸರ್ಪಸುತ್ತಿಗೆ ಕೊಡೋ ಏಸೈಕ್ಲೋವಿರ್ ಅನ್ನೋ ಆಂಟಿವೈರಲ್ ಮಾತ್ರೆ ಬಾಗಿಲು ಮುಚ್ಚಲ್ಲ, ಅದು ಒಳಗೆ ಹೋದಮೇಲಿನ ಕಥೆ. ವೈರಸ್ ತನ್ನದೇ ಒಂದು ಕಿಣ್ವದಿಂದ ಆ ಮಾತ್ರೆಯನ್ನ ಚಾಲೂ ಮಾಡುತ್ತೆ, ಚಾಲೂ ಆದ ಔಷಧಿ ವೈರಸ್ಸಿನ ಡಿಎನ್ಎ ನಕಲನ್ನೇ ನಿಲ್ಲಿಸುತ್ತೆ, ಹಾಗಾಗಿ ಸೋಂಕಿಲ್ಲದ ಜೀವಕೋಶಕ್ಕೆ ತೊಂದರೆ ಕಮ್ಮಿ. ಈ ದಾರಿ ತೋರಿಸಿದ ಕೆಲಸಕ್ಕೆ ಗರ್ಟ್ರೂಡ್ ಎಲಿಯನ್ ಅನ್ನೋ ವಿಜ್ಞಾನಿ 1988ರಲ್ಲಿ ನೊಬೆಲ್ ಪಾಲುದಾರರಾದ್ರು. ನಕಲು ನಡೀತಿರೋವಾಗ ಮಾತ್ರ ಇದು ಕೆಲಸ ಮಾಡೋದು, ಅದಕ್ಕೇ ಮೊದಲ ಮೂರು ದಿನದ ಬೆಲೆ ಅಷ್ಟು. ಮಲಗಿರೋ ವೈರಸ್ಸನ್ನ ಇದು ಮುಟ್ಟಲ್ಲ. ತುಟಿ ಗುಳ್ಳೆಗೆ ಡೋಕೋಸನಾಲ್ ಅಂತ ಒಂದು ಕ್ರೀಮು ಅಮೆರಿಕದಲ್ಲಿ 2000ದಿಂದ ಸಿಗುತ್ತೆ, ಅದು ಪೊರೆ ಪೊರೆ ಕೂಡೋದನ್ನೇ ತಡೆಯುತ್ತೆ, ಅಂದ್ರೆ ಹೊಸಿಲಲ್ಲೇ ತಡೆಯೋ ಔಷಧಿ.

ಲಸಿಕೆ ಬಗ್ಗೆ ನೀವು ಬರೀಲೇಬೇಕಿತ್ತು. ಆಗಲೇ ಹೇಳಿದೆನಲ್ಲ ಜಿ-ಇ ಅಂತ, ಆ ಒಂದು ಪ್ರೋಟೀನನ್ನ ಮಾತ್ರ ಬೇರೆ ಮಾಡಿ ತಯಾರಿಸಿ, ರೋಗನಿರೋಧಕ ಶಕ್ತಿ ಚುರುಕು ಮಾಡೋ ವಸ್ತು ಜೊತೆ ಸೇರಿಸಿ ಸರ್ಪಸುತ್ತಿಗೆ ಲಸಿಕೆ ಮಾಡಿದಾರೆ, ಅದರಲ್ಲಿ ಜೀವಂತ ವೈರಸ್ ಇಲ್ಲ. 2015ರಲ್ಲಿ ಬಂದ ದೊಡ್ಡ ಪರೀಕ್ಷೆಯ ಫಲಿತಾಂಶದಲ್ಲಿ 50 ದಾಟಿದವರಲ್ಲಿ 97.2% ರಕ್ಷಣೆ ಸಿಕ್ಕಿತ್ತು. ನಮ್ಮ ದೇಶಕ್ಕೂ 2023ರಲ್ಲಿ ಬಂದಿದೆ, 50 ವರ್ಷ ಮೇಲ್ಪಟ್ಟವರಿಗೆ, ಎರಡು ಡೋಸು, ಎರಡರಿಂದ ಆರು ತಿಂಗಳ ಅಂತರ. ದುಬಾರಿ, ಹಳ್ಳಿಯ ಮನೆಗೆ ಒಂದೇ ಸಲಕ್ಕೆ ಆಗೋ ಮಾತಲ್ಲ, ಸರ್ಕಾರಿ ಆಸ್ಪತ್ರೇಲಿ ವಯಸ್ಸಾದವರಿಗೆ ಕಮ್ಮಿ ದರಕ್ಕೆ ಕೊಡೋ ಬಗ್ಗೆ ನಿಮ್ಮಂಥ ಪತ್ರಿಕೆಗಳು ಕೇಳಬೇಕು.

ಇನ್ನೊಂದು ವಿಷಯ, ಬಾಣಂತಿ ಮನೆಗೆ ಹೋಗೋರು ತುಟೀಲಿ ಗುಳ್ಳೆ ಇದ್ರೆ ಕೂಸಿಗೆ ಮುತ್ತು ಕೊಡಬೇಡಿ ಅಂತ ದಯವಿಟ್ಟು ಅಚ್ಚು ಮಾಡಿ. ದೊಡ್ಡವರಿಗೆ ಬರೀ ಗುಳ್ಳೆ ಆಗಿರೋ ಅದೇ ವೈರಸ್ ಹುಟ್ಟಿದ ಕೂಸಿಗೆ ಮೆದುಳು ಲಿವರ್ ತನಕ ಹೋಗಿ ಪ್ರಾಣಕ್ಕೆ ಬರಬಹುದು. ಸರ್ಪಸುತ್ತು ಹಣೆ ಮೇಲೆ, ಮೂಗಿನ ತುದಿ ಮೇಲೆ ಎದ್ರೆ ಕಣ್ಣಿಗೆ ಅಪಾಯ, ಅವತ್ತೇ ಕಣ್ಣಿನ ಡಾಕ್ಟರ್ ಹತ್ರ ಹೋಗಬೇಕು ಅನ್ನೋದನ್ನೂ ಹಾಕಿ.

ಮೈದುನನಿಗೆ ನಾನು ಬೈಯಲಿಲ್ಲ. ಕೂರಿಸಿ ಇದನ್ನೆಲ್ಲಾ ಹೇಳಿದಾಗ ಅವನು ಕಣ್ಣಲ್ಲಿ ನೀರು ಹಾಕ್ಕೊಂಡು, ಅತ್ತಿಗೆ, ನಾನು ಅಮ್ಮನ ಬಗ್ಗೆ ಹಂಗೆ ಅಂದ್ಕೊಂಡ್ನಲ್ಲ ಅಂದ. ಅತ್ತೆಗೆ ಆ ಚೀಟಿ ವಿಷಯ ನಾವು ಇವತ್ತಿಗೂ ಹೇಳಿಲ್ಲ. ಅವರು ಕೇಳಿದ್ದು ಒಂದೇ, ಅದು ಈಗ್ಲೂ ನನ್ನೊಳಗೇ ಇದೆಯಾ ಅಂತ. ಇದೆ ಅತ್ತೆ, ನಿಮಗೆ ಅಮ್ಮ ಎದ್ದಾಗಿಂದ ಅಂದೆ. ಒಂಬತ್ತು ವರ್ಷ ಇರಬೇಕು ಆಗ ನಂಗೆ, ಜಗಲಿ ಮೇಲೆ ಬೇವಿನ ಸೊಪ್ಪು ಹಾಸಿ ಮಲಗಿಸಿದ್ರು, ಹಂಗಾದ್ರೆ ನನ್ನ ತೌರಿಂದ ನನ್ನ ಜೊತೇಲೇ ಈ ಮನೆಗೆ ಬಂದಿದೆ ಅಂದ್ರು.

ಮುಂದಿನ ಸಲ ಸರ್ಪಸುತ್ತಿನ ಬಗ್ಗೆ ಬೇರೆಯದೇ ಲೇಖನ ಹಾಕಿ ಸಂಪಾದಕರೇ, ಗುಪ್ತರೋಗದ ತಲೆಬರಹದ ಕೆಳಗೆ ಬೇಡ. 72 ಗಂಟೆ ಅನ್ನೋ ಮಾತು ಮೊದಲನೇ ಸಾಲಲ್ಲೇ ಬರಲಿ, ಬಸ್ ಸ್ಟ್ಯಾಂಡಲ್ಲಿ ನಿಂತು ಓದೋನಿಗೂ ಕಾಣೋ ಹಾಗೆ.

ಇಂತಿ ನಿಮ್ಮ ಓದುಗಳು,
ಒಬ್ಬ ಬಯಾಲಜಿ ಉಪನ್ಯಾಸಕಿ, ತುಮಕೂರು ಜಿಲ್ಲೆ